ಕ್ರೂಸ್ ಹಡಗಿನ ಬಾಲ್ಕನಿಯಲ್ಲಿ ಸಿಗರೇಟು ಸೇದಬಹುದೇ?

ಪ್ರಶ್ನೆ: ನಮ್ಮ ತಂದೆ-ತಾಯಿಯರ ಮದುವೆಗೆ ಐವತ್ತು ವರ್ಷ ತುಂಬುವ ಸಂದರ್ಭದಲ್ಲಿ ಮನೆಯವರೆಲ್ಲ ಸೇರಿ ಏಳು ರಾತ್ರಿಗಳ ಕ್ರೂಸ್ ಪ್ರಯಾಣಕ್ಕೆ ಹೊರಟಿದ್ದೇವೆ. ಅವರಿಬ್ಬರಿಗೆ ಬಾಲ್ಕನಿ ಇರುವ ಕ್ಯಾಬಿನ್ ಕಾಯ್ದಿರಿಸಿದ್ದೇವೆ. ಅದರ ಪಕ್ಕದ್ದು ನಮ್ಮದು. ತಂದೆಯವರಿಗೆ ದಿನಕ್ಕೆ ಎಂಟು ಹತ್ತು ಸಿಗರೇಟು ಬೇಕು, ರಾತ್ರಿ ಎಚ್ಚರವಾದಾಗಲೂ ಒಂದು ಸೇದುವ ಅಭ್ಯಾಸವಿದೆ. ತಾಯಿಯವರಿಗೆ ಉಬ್ಬಸ, ಇನ್ಹೇಲರ್ ಇಲ್ಲದೆ ಹೊರಗೆ ಕಾಲಿಡುವುದಿಲ್ಲ. ಟಿಕೆಟ್ ಮಾಡಿಸಿಕೊಟ್ಟ ಏಜೆಂಟರು, "ಬಾಲ್ಕನಿ ಎಂದರೆ ಬಯಲು, ಅಲ್ಲಿ ಅಲಾರಂ ಇರುವುದಿಲ್ಲ, ನಡುಗಡಲಿನಲ್ಲಿ ಯಾವ ದೇಶದ ಕಾನೂನೂ ನಡೆಯುವುದಿಲ್ಲ, ಬಾಗಿಲು ಮುಚ್ಚಿಕೊಂಡು ಸೇದಿದರಾಯಿತು" ಎನ್ನುತ್ತಾರೆ. ಆದರೆ ಹಿಂದೊಮ್ಮೆ ನಾನು ಹೋಗಿದ್ದ ಹಡಗಿನಲ್ಲಿ ಪಕ್ಕದ ಬಾಲ್ಕನಿಯ ಹೊಗೆ ನಮ್ಮ ಕ್ಯಾಬಿನ್ನಿನೊಳಗೇ ಬರುತ್ತಿತ್ತು. ದೂರು ಕೊಡಬೇಕೋ ಸುಮ್ಮನಿರಬೇಕೋ ತಿಳಿಯದೆ ಬಾಗಿಲು ಹಾಕಿಕೊಂಡು ಕುಳಿತಿದ್ದೆವು. ಏಜೆಂಟರ ಮಾತಿನಲ್ಲಿ ಎಷ್ಟು ನಿಜ? ತಂದೆಯವರ ಅಭ್ಯಾಸ, ತಾಯಿಯವರ ಆರೋಗ್ಯ ಎರಡನ್ನೂ ನಿಭಾಯಿಸುವ ದಾರಿ ಯಾವುದು? ಪಕ್ಕದವರು ಸೇದಿದರೆ ನಾವೇನು ಮಾಡಬೇಕು?

ಉತ್ತರ: ಪ್ರಯಾಣಿಕರ ಹಡಗುಗಳಲ್ಲಿ ಅಗ್ನಿಸುರಕ್ಷೆಯ ಕೆಲಸ ಮಾಡಿದವನಾದ್ದರಿಂದ, ಮೊದಲು ನೇರ ಉತ್ತರವನ್ನು ಹೇಳಿ ಆಮೇಲೆ ಕಾರಣಗಳಿಗೆ ಬರುತ್ತೇನೆ. ದೊಡ್ಡ ಕ್ರೂಸ್ ಕಂಪನಿಗಳಲ್ಲಿ ಹೆಚ್ಚಿನವು ಇಂದು ಬಾಲ್ಕನಿಯಲ್ಲಿ ಧೂಮಪಾನವನ್ನು ಪೂರ್ತಿಯಾಗಿ ನಿಷೇಧಿಸಿವೆ. ಬಾಗಿಲು ತೆರೆದಿರಲಿ ಮುಚ್ಚಿರಲಿ, ಹಗಲಿರಲಿ ರಾತ್ರಿಯಿರಲಿ, ಕ್ಯಾಬಿನ್ ಎಷ್ಟೇ ದುಬಾರಿಯದಾಗಿರಲಿ, ನಿಯಮ ಒಂದೇ. ಐರೋಪ್ಯ ಪ್ರಯಾಣಿಕರೇ ಹೆಚ್ಚಾಗಿರುವ ಕೆಲವು ಹಡಗುಗಳಲ್ಲಿ ಮಾತ್ರ ಇನ್ನೂ ಅವಕಾಶ ಉಳಿದುಕೊಂಡಿದೆ. ಆದ್ದರಿಂದ ನಿಮ್ಮ ಏಜೆಂಟರ ಮಾತನ್ನು ನಂಬಿ ಹಡಗು ಹತ್ತಬೇಡಿ. ನೀವು ಹತ್ತಲಿರುವ ಹಡಗಿನ ಧೂಮಪಾನ ನಿಯಮವನ್ನು ಕಂಪನಿಯ ಅಧಿಕೃತ ಪುಟದಲ್ಲಿಯೇ ಓದಿಕೊಳ್ಳಿ. ಒಂದು ಕಂಪನಿಯ ನಿಯಮ ಇನ್ನೊಂದರದ್ದಲ್ಲ, ಒಂದೇ ಕಂಪನಿಯ ಎರಡು ಹಡಗುಗಳಲ್ಲಿ ಸೇದಲು ಗೊತ್ತುಮಾಡಿದ ಜಾಗಗಳೂ ಒಂದೇ ಅಲ್ಲ.

ಏಜೆಂಟರು ಬೇಕೆಂದೇ ಸುಳ್ಳು ಹೇಳಿದರು ಎಂದು ನಾನು ಭಾವಿಸುವುದಿಲ್ಲ. ಅವರ ಮಾತು ಹಳೆಯದು, ಅಷ್ಟೆ. ಒಂದು ಕಾಲದಲ್ಲಿ ಕ್ಯಾಬಿನ್ನಿನ ಒಳಗೂ ಸೇದಬಹುದಾಗಿತ್ತು. ಒಳಗೆ ನಿಷೇಧ ಬಂದ ಮೇಲೆ ಸೇದುವವರಿಗೆ ಬಾಲ್ಕನಿಯನ್ನು ಬಿಟ್ಟುಕೊಡಲಾಯಿತು. ಕೊನೆಗೆ ಬಾಲ್ಕನಿಯೂ ಹೋಯಿತು. ಪ್ರಿನ್ಸೆಸ್ ಕಂಪನಿ 2012ರ ಜನವರಿಯಲ್ಲಿ, ಡಿಸ್ನಿ 2013ರ ನವೆಂಬರಿನಲ್ಲಿ, ರಾಯಲ್ ಕೆರಿಬಿಯನ್ 2014ರ ಜನವರಿಯಲ್ಲಿ, ಕಾರ್ನಿವಲ್ ಅದೇ ವರ್ಷದ ಅಕ್ಟೋಬರಿನಲ್ಲಿ, ನಾರ್ವೇಜಿಯನ್ ನವೆಂಬರಿನಲ್ಲಿ ಬಾಲ್ಕನಿ ನಿಷೇಧವನ್ನು ಜಾರಿಗೆ ತಂದವು. ಮೂರು ವರ್ಷ ತುಂಬುವಷ್ಟರಲ್ಲಿ ಉದ್ಯಮದ ಬಹುಭಾಗ ಬದಲಾಗಿಬಿಟ್ಟಿತು. ಇದಕ್ಕೂ ಮೊದಲು, 1998ರಲ್ಲಿ, ಕಾರ್ನಿವಲ್ ಕಂಪನಿಯು ಪ್ಯಾರಡೈಸ್ ಎಂಬ ಹಡಗನ್ನು ಸಂಪೂರ್ಣ ಹೊಗೆರಹಿತ ಹಡಗಾಗಿ ನೀರಿಗಿಳಿಸಿತ್ತು. ಅದರಲ್ಲಿ ಸೇದಿ ಸಿಕ್ಕಿಬಿದ್ದವರನ್ನು ಮುಂದಿನ ಬಂದರಿನಲ್ಲಿ ಇಳಿಸಿಬಿಡುತ್ತಿದ್ದರು. ಕೆಲವು ವರ್ಷಗಳ ನಂತರ ಆ ಪ್ರಯೋಗವನ್ನು ಕೈಬಿಟ್ಟರು. ಇಂದಿನ ಹಡಗುಗಳು ಅಷ್ಟು ಕಟ್ಟುನಿಟ್ಟಿನವಲ್ಲ; ಅವು ಸೇದುವುದನ್ನು ತಡೆಯುವುದಿಲ್ಲ, ಎಲ್ಲಿ ಸೇದಬೇಕೆಂಬುದನ್ನು ಗೊತ್ತುಮಾಡುತ್ತವೆ.

ಬಾಲ್ಕನಿ ನಿಷೇಧಕ್ಕೆ ಕಾರಣ ಸೇದದವರ ದೂರುಗಳು ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ದೂರುಗಳ ಪಾಲು ಇದ್ದೇ ಇದೆ. ಆದರೆ ನನ್ನ ಕಸುಬಿನವರು ಬಾಲ್ಕನಿಯ ಸಿಗರೇಟನ್ನು ನೋಡುವ ಬಗೆಯನ್ನೇ ಬದಲಿಸಿದ್ದು ಸ್ಟಾರ್ ಪ್ರಿನ್ಸೆಸ್ ಹಡಗಿನ ಬೆಂಕಿ. 2006ರ ಮಾರ್ಚ್ 23ರ ನಸುಕಿನಲ್ಲಿ, ಆ ಹಡಗು ಗ್ರ್ಯಾಂಡ್ ಕೇಮನ್ ದ್ವೀಪದಿಂದ ಜಮೈಕಾದ ಮಾಂಟೆಗೊ ಬೇ ಬಂದರಿನತ್ತ ಸಾಗುತ್ತಿದ್ದಾಗ, ಎಡಬದಿಯ ಹತ್ತನೆಯ ಡೆಕ್ಕಿನ (ಹಡಗಿನ ಅಂತಸ್ತಿಗೆ ಡೆಕ್ ಎನ್ನುತ್ತಾರೆ) ಒಂದು ಬಾಲ್ಕನಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಯಾರೋ ಎಸೆದ ಸಿಗರೇಟಿನ ತುಂಡು ಬಾಲ್ಕನಿಯ ವಸ್ತುವೊಂದನ್ನು ಕಾಯಿಸಿ, ಅದು ಸುಮಾರು ಇಪ್ಪತ್ತು ನಿಮಿಷ ಒಳಗೊಳಗೇ ಕನಲುತ್ತಿದ್ದು ಆಮೇಲೆ ಜ್ವಾಲೆಯಾಗಿರುವ ಸಂಭವವೇ ಹೆಚ್ಚು ಎಂದು ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆ ವರದಿ ಮಾಡಿತು. ಜ್ವಾಲೆ ಎದ್ದ ಹತ್ತೇ ನಿಮಿಷಗಳಲ್ಲಿ ಬೆಂಕಿ ಬಾಲ್ಕನಿಯಿಂದ ಬಾಲ್ಕನಿಗೆ ಹಾರುತ್ತ ಹನ್ನೊಂದು ಮತ್ತು ಹನ್ನೆರಡನೆಯ ಡೆಕ್ಕುಗಳನ್ನು ಮುಟ್ಟಿತ್ತು. ಕಾವಿಗೆ ಗಾಜಿನ ಬಾಗಿಲುಗಳು ಒಡೆದು ಕ್ಯಾಬಿನ್ನುಗಳ ಒಳಕ್ಕೂ ನುಗ್ಗಿತು. ಕ್ಯಾಬಿನ್ನುಗಳ ಒಳಗಿದ್ದ ಬೆಂಕಿ ನಂದಿಸುವ ವ್ಯವಸ್ಥೆಯೂ ಉರಿ ತಡೆಯುವ ಗೋಡೆಗಳೂ ಅದನ್ನು ಅಲ್ಲಿಯೇ ಕಟ್ಟಿಹಾಕಿದವು; ಪೂರ್ತಿ ಆರಿಸಲು ಒಂದೂವರೆ ಗಂಟೆ ಹಿಡಿಯಿತು. ದಟ್ಟ ಕಪ್ಪು ಹೊಗೆಯಿಂದ ಒಬ್ಬ ಪ್ರಯಾಣಿಕರು ತೀರಿಕೊಂಡರು, ಹದಿಮೂರು ಮಂದಿಗೆ ಚಿಕಿತ್ಸೆ ಬೇಕಾಯಿತು.

ಈ ಘಟನೆಯಲ್ಲಿ ನಿಮ್ಮ ಗಮನಕ್ಕೆ ತರಬೇಕಾದ ಅಂಶ ಆ ಇಪ್ಪತ್ತು ನಿಮಿಷಗಳದ್ದು. ತುಂಡನ್ನು ಎಸೆದವರು ಅದು ಆರಿದೆಯೆಂದೇ ನಂಬಿ ಮಲಗಿರಬಹುದು. ಉರಿಯುವ ಸಿಗರೇಟಿನ ತುದಿ ಸೇದುವ ಗಳಿಗೆಯಲ್ಲಿ 900 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರಕ್ಕೆ ಹೋಗುತ್ತದೆ. ಸುಮ್ಮನೆ ಇಟ್ಟಾಗಲೂ ನೂರಾರು ಡಿಗ್ರಿಗಳಲ್ಲಿ ಕನಲುತ್ತಲೇ ಇರುತ್ತದೆ. ಬಟ್ಟೆ, ಸ್ಪಂಜಿನ ದಿಂಬು, ಹಗ್ಗ ಇಂಥವು ಅದರ ಸಂಪರ್ಕದಲ್ಲಿ ಕೂಡಲೇ ಹೊತ್ತಿಕೊಳ್ಳದೆ ನಿಧಾನವಾಗಿ ಕರಕಲಾಗುತ್ತ ಹೋಗುತ್ತವೆ, ಗಾಳಿ ಊದಿದ ಹೊತ್ತಿಗೆ ಉರಿ ಕಾಣಿಸುತ್ತದೆ. ಇಪ್ಪತ್ತು ನಾಟ್ ವೇಗದಲ್ಲಿ ಸಾಗುವ ಹಡಗೆಂದರೆ ಗಂಟೆಗೆ 37 ಕಿಲೋಮೀಟರ್. ಸಮುದ್ರದ ಮೇಲೆ ಎಲೆಯೂ ಅಲ್ಲಾಡದಂಥ ದಿನವಾದರೂ ತೆರೆದ ಡೆಕ್ಕಿನ ಮೇಲೆ ಅಷ್ಟು ವೇಗದ ಗಾಳಿ ಬೀಸುತ್ತಿರುತ್ತದೆ. ಕೆಂಡಕ್ಕೆ ಇದಕ್ಕಿಂತ ಒಳ್ಳೆಯ ತಿದಿ ಬೇಕಾಗಿಲ್ಲ.

ಗಾಳಿಯ ಆಟ ಅಷ್ಟಕ್ಕೇ ನಿಲ್ಲುವುದಿಲ್ಲ. ಹಡಗಿನ ಬದಿಯನ್ನು ಉಜ್ಜಿಕೊಂಡು ಹಿಂದಕ್ಕೆ ಹರಿಯುವ ಗಾಳಿ ಪ್ರತಿಯೊಂದು ಬಾಲ್ಕನಿಯ ಗೂಡಿನೊಳಗೂ ಸುಳಿಯಾಗಿ ತಿರುಗುತ್ತದೆ. ಆದ್ದರಿಂದ ಕಂಬಿಯಾಚೆ ಎಸೆದ ತುಂಡು ನೇರವಾಗಿ ನೀರಿಗೆ ಬೀಳುತ್ತದೆ ಎಂಬ ನಂಬಿಕೆ ಸರಿಯಲ್ಲ. ಅದು ಹಿಂದಿನ ಅಥವಾ ಕೆಳಗಿನ ಬಾಲ್ಕನಿಯ ಸುಳಿಗೆ ಸಿಕ್ಕಿ ಒಳಸೇರುವ ಸಾಧ್ಯತೆ ಚೆನ್ನಾಗಿಯೇ ಇದೆ. ಅಲ್ಲಿ ಯಾರೋ ಒಣಗಲು ಹಾಕಿದ ಟವೆಲು, ಈಜುಡುಗೆ, ತೆರೆದ ಬಾಗಿಲಿನಿಂದ ಹೊರಕ್ಕೆ ಹಾರುವ ಪರದೆ ಇರುತ್ತವೆ. ಬೆಳಗಿನ ಹೊತ್ತು ಬಾಲ್ಕನಿಗಳ ಸಾಲನ್ನು ಪರಿಶೀಲಿಸಿದರೆ ಸೇದದವರ ಬಾಲ್ಕನಿಯಲ್ಲಿ ಬೂದಿ, ಅವರ ಕುರ್ಚಿಯ ಮೇಲೆ ಸುಟ್ಟ ಕಲೆ ಸಿಗುವುದು ನಮ್ಮ ಕೆಲಸದಲ್ಲಿ ಹೊಸ ಸಂಗತಿಯೇನಲ್ಲ. ಸೇದಿದವರು ಮಾತ್ರ ತಮ್ಮ ತುಂಡು ಸಮುದ್ರಕ್ಕೆ ಬಿತ್ತೆಂದೇ ತಿಳಿದಿರುತ್ತಾರೆ.

ನಿಮಗೆ ಇಲ್ಲೊಂದು ಸಂದೇಹ ಬರಬಹುದು: ಆ ಬೆಂಕಿಯ ನಂತರ ಬಾಲ್ಕನಿಗಳನ್ನು ಬದಲಿಸಲಿಲ್ಲವೇ? ಬದಲಿಸಿದರು. ಅಲ್ಲಿಯವರೆಗೆ ಬಾಲ್ಕನಿಯನ್ನು ಹಡಗಿನ ಹೊರಭಾಗವೆಂದು ಪರಿಗಣಿಸಿದ್ದರಿಂದ ಒಳಗಿನ ಕಟ್ಟುನಿಟ್ಟಾದ ಅಗ್ನಿ ನಿಯಮಗಳು ಅದಕ್ಕೆ ಅನ್ವಯಿಸುತ್ತಿರಲಿಲ್ಲ. ಬಾಲ್ಕನಿಗಳ ನಡುವಿನ ಅಡ್ಡಫಲಕಗಳು ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕಿನವಾಗಿದ್ದವು. ಅವೂ ಪ್ಲಾಸ್ಟಿಕ್ ಪೀಠೋಪಕರಣಗಳೂ ಸೇರಿ ಆ ಕಪ್ಪು ಹೊಗೆಯನ್ನು ಎಬ್ಬಿಸಿದ್ದವು. ಅಂತಾರಾಷ್ಟ್ರೀಯ ಸಾಗರ ಸಂಸ್ಥೆಯು 2006ರ ಡಿಸೆಂಬರಿನಲ್ಲಿಯೇ, ಸಮುದ್ರಯಾನದಲ್ಲಿ ಜೀವರಕ್ಷಣೆಗಾಗಿ ಇರುವ ಸೋಲಾಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದವನ್ನು ತಿದ್ದಿತು. ತಿದ್ದುಪಡಿ 2008ರ ಜುಲೈ 1ರಿಂದ ಜಾರಿಗೆ ಬಂದಿತು. ಅಡ್ಡಫಲಕಗಳು ಉರಿಯದ ವಸ್ತುವಿನವಾಗಿರಬೇಕು. ಕುರ್ಚಿ ಮೇಜುಗಳು ಬೆಂಕಿಯ ಅಪಾಯ ಕಡಿಮೆ ಇರುವಂಥವಾಗಿರಬೇಕು, ಇಲ್ಲವಾದರೆ ಬಾಲ್ಕನಿಯಲ್ಲಿಯೇ ಬೆಂಕಿ ಪತ್ತೆಹಚ್ಚುವ ಮತ್ತು ನೀರು ಸಿಂಪಡಿಸುವ ವ್ಯವಸ್ಥೆ ಇರಬೇಕು. ಹಳೆಯ ಹಡಗುಗಳೂ ಪೀಠೋಪಕರಣಗಳ ವಿಷಯದಲ್ಲಿ ಇದಕ್ಕೆ ಹೊಂದಿಕೊಳ್ಳಬೇಕಾಯಿತು. ಬಾಲ್ಕನಿಯಲ್ಲಿ ಅಲಾರಂ ಇರುವುದೇ ಇಲ್ಲ ಎಂಬ ಏಜೆಂಟರ ಮಾತು ಎಲ್ಲ ಹಡಗುಗಳಿಗೂ ನಿಜವಲ್ಲವೆಂಬುದು ಇದರಿಂದ ತಿಳಿಯುತ್ತದೆ. ಹಾಗಿದ್ದೂ ನಿಷೇಧ ಏಕೆ ಎಂದರೆ, ನಿಯಮವು ಹಡಗಿನವರು ಇಟ್ಟ ಕುರ್ಚಿಯನ್ನು ಹಿಡಿತದಲ್ಲಿಡಬಲ್ಲದು, ಪ್ರಯಾಣಿಕರು ತಂದು ಹರಡುವ ಟವೆಲು, ಕಾಗದ, ಚೀಲಗಳನ್ನಲ್ಲ. ಕೆಳಗೆ ಜೀವರಕ್ಷಕ ದೋಣಿಗಳಿವೆ, ಹಗ್ಗಗಳಿರುವ ಡೆಕ್ಕುಗಳಿವೆ. ಬಂದರಿನಲ್ಲಿ ಹಡಗಿನ ಪಕ್ಕದಲ್ಲಿಯೇ ನಿಂತು ಇಂಧನ ತುಂಬಿಸುವ ನಾವೆಯೂ ಇರಬಹುದು. ಆ ಹೊತ್ತಿನಲ್ಲಿ ಗೊತ್ತುಮಾಡಿದ ಜಾಗದಲ್ಲಿ ಕೂಡ ಸೇದಬಾರದೆಂದು ಪ್ರಕಟಣೆ ಹೊರಡುವುದುಂಟು. ಭೂಮಿಯ ಮೇಲಿನಂತೆ ಅಗ್ನಿಶಾಮಕ ದಳವನ್ನು ಕರೆಯಲು ನಡುಗಡಲಿನಲ್ಲಿ ಆಗುವುದಿಲ್ಲ. ಹಡಗಿನ ಸಿಬ್ಬಂದಿಯೇ ಆ ದಳ.

ಇನ್ನು ನಿಮ್ಮ ತಾಯಿಯವರ ವಿಷಯ. ಬಯಲಿನಲ್ಲಿ ಹೊಗೆ ಬೇಗ ಚದುರುತ್ತದೆ ಎಂಬುದು ಸುಳ್ಳಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಹೊರಾಂಗಣದಲ್ಲಿ ಸೇದುವವರ ಅರ್ಧ ಮೀಟರಿನ ಆಸುಪಾಸಿನಲ್ಲಿ ಹೊಗೆಯ ಕಣಗಳ ಪ್ರಮಾಣ ಒಳಾಂಗಣದಷ್ಟೇ ಇರಬಹುದು. ಎರಡು ಮೀಟರ್ ದೂರ ಸರಿದರೆ ಬಹಳಷ್ಟು ಇಳಿಯುತ್ತದೆ. ಸಿಗರೇಟು ಆರಿದೊಡನೆ ಗಾಳಿ ಮೊದಲಿನಂತಾಗುತ್ತದೆ. ತೊಂದರೆಯೆಂದರೆ ಹಡಗಿನ ಬಾಲ್ಕನಿ ಬಯಲಲ್ಲ. ಎರಡು ಬದಿ ಅಡ್ಡಫಲಕ, ಹಿಂದೆ ಗಾಜಿನ ಬಾಗಿಲು, ಮೇಲೆ ಮುಂದಿನ ಡೆಕ್ಕಿನ ನೆಲ. ತೆರೆದಿರುವುದು ಒಂದು ಮುಖ ಮಾತ್ರ. ಪಕ್ಕದವರ ಕುರ್ಚಿಗೂ ನಿಮ್ಮ ಕುರ್ಚಿಗೂ ನಡುವೆ ಆ ಎರಡು ಮೀಟರ್ ಇರುವುದೂ ಅನುಮಾನ. ಸಾಲುಮನೆಯ ಜಗಲಿಯಲ್ಲಿ ಒಬ್ಬರು ಹಚ್ಚಿದ್ದು ಮೂರು ಮನೆಗೆ ನಾರುವಂತೆ, ಅಡ್ಡಫಲಕದ ಅಡಿಯ ಸಂದಿನಿಂದಲೂ ಕಂಬಿಯ ಹೊರಗಿನಿಂದ ಸುತ್ತಿಕೊಂಡೂ ಹೊಗೆ ಪಕ್ಕಕ್ಕೆ ಹೋಗುತ್ತದೆ. ಗಾಳಿ ಎದುರಾಗುವ ಬದಿಯಲ್ಲಿ ಅದು ಬೇಗ ಕೊಚ್ಚಿಹೋಗಬಹುದು. ಗಾಳಿಗೆ ಮರೆಯಾದ ಬದಿಯಲ್ಲಿ ಸುಳಿಯಲ್ಲಿಯೇ ತಿರುಗುತ್ತಿರುತ್ತದೆ. ಹಡಗು ದಿಕ್ಕು ಬದಲಿಸಿದರೆ ಬದಿಗಳೂ ಅದಲು ಬದಲಾಗುತ್ತವೆ. ಹಿಂದಿನ ಪ್ರಯಾಣದಲ್ಲಿ ಒಂದು ದಿನ ಹೊಗೆ ಬಂದು ಇನ್ನೊಂದು ದಿನ ಬರದೇ ಇದ್ದಿದ್ದರೆ ಅದಕ್ಕೆ ಇದೇ ಕಾರಣ.

ಕ್ಯಾಬಿನ್ನಿನೊಳಕ್ಕೆ ಹೊಗೆ ಬರುವುದಕ್ಕೆ ಇನ್ನೊಂದು ಕಾರಣವಿದೆ. ಕ್ಯಾಬಿನ್ನಿನ ಸ್ನಾನದ ಕೋಣೆಯಿಂದ ಗಾಳಿಯನ್ನು ಸದಾ ಹೊರಕ್ಕೆ ಎಳೆಯುತ್ತಿರುತ್ತಾರೆ, ಹವಾನಿಯಂತ್ರಣದಿಂದ ಹೊಸ ಗಾಳಿ ಒಳಬರುತ್ತಿರುತ್ತದೆ. ಬಾಲ್ಕನಿಯ ಬಾಗಿಲು ತೆರೆದೊಡನೆ ಈ ಸಮತೋಲ ತಪ್ಪುತ್ತದೆ. ಹೊರಗಿನ ಒತ್ತಡ ಹೆಚ್ಚಿದ್ದರೆ ಗಾಳಿ ಒಳಕ್ಕೆ ನುಗ್ಗುತ್ತದೆ, ಅದೇ ಹೊತ್ತಿಗೆ ಯಾರಾದರೂ ಓಣಿಯ ಬಾಗಿಲನ್ನೂ ತೆರೆದರಂತೂ ರಭಸದಿಂದ ಹರಿಯುತ್ತದೆ. ಆದ್ದರಿಂದ "ಬಾಗಿಲು ಮುಚ್ಚಿಕೊಂಡು ಸೇದಿದರಾಯಿತು" ಎಂಬುದು ಅರ್ಧ ಸತ್ಯ. ಸೇದುವಾಗ ಮುಚ್ಚಿದ ಬಾಗಿಲನ್ನು ತಂದೆಯವರು ಒಳಬರಲು ತೆರೆಯಲೇಬೇಕಲ್ಲ. ಅವರ ಬಟ್ಟೆಗೂ ಕೂದಲಿಗೂ ಹತ್ತಿದ ವಾಸನೆ ಒಳಗೆ ಬರುತ್ತದೆ, ಪರದೆ ಹಾಸಿಗೆಗಳಲ್ಲಿ ನಿಲ್ಲುತ್ತದೆ. ಪರರು ಸೇದಿದ ಹೊಗೆಗೆ ಸುರಕ್ಷಿತವಾದ ಮಟ್ಟವೆಂಬುದೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಉಬ್ಬಸ ಇರುವವರಲ್ಲಿ ಅದು ದಾಳಿಯನ್ನೇ ಕೆರಳಿಸಬಹುದು. ಇಬ್ಬರೂ ಒಂದೇ ಕ್ಯಾಬಿನ್ನಿನಲ್ಲಿ ಇರುವುದರಿಂದ, ಬಾಲ್ಕನಿಯಲ್ಲಿ ಸೇದಲು ಅನುಮತಿ ಇರುವ ಹಡಗೇ ಸಿಕ್ಕಿದರೂ ನಾನು ಅದನ್ನು ನಿಮ್ಮ ಕುಟುಂಬಕ್ಕೆ ಸೂಚಿಸುವುದಿಲ್ಲ. ಅಂಥ ಹಡಗಿನಲ್ಲಿ ನಿಮ್ಮ ತಂದೆಯವರಷ್ಟೇ ಅಲ್ಲ, ಅಕ್ಕಪಕ್ಕದವರೂ ಸೇದುತ್ತಾರೆ, ಆಗ ದೂರು ಕೊಡಲು ನಿಮಗೆ ಆಧಾರವೂ ಇರುವುದಿಲ್ಲ.

ನಡುಗಡಲಿನಲ್ಲಿ ಕಾನೂನಿಲ್ಲ ಎಂಬ ಮಾತಿಗೆ ಬರೋಣ. ಪ್ರತಿಯೊಂದು ಹಡಗೂ ಬಹಾಮಾಸ್, ಪನಾಮಾ, ಮಾಲ್ಟಾ, ಬರ್ಮುಡಾ ಹೀಗೆ ಯಾವುದಾದರೊಂದು ನಾಡಿನ ಧ್ವಜವನ್ನು ಹೊತ್ತಿರುತ್ತದೆ, ಎಲ್ಲಿಯೇ ಇದ್ದರೂ ಆ ನಾಡಿನ ಕಾನೂನು ಅದರೊಳಗೆ ನಡೆಯುತ್ತದೆ. ಬಂದರಿಗೆ ಹೋದಾಗ ಆ ಬಂದರಿನ ದೇಶದ ಕಾನೂನೂ ಸೇರಿಕೊಳ್ಳುತ್ತದೆ. ಇವೆರಡಕ್ಕಿಂತ ನಿಮಗೆ ಹತ್ತಿರವಾದದ್ದು ಟಿಕೆಟ್ಟಿನ ಒಪ್ಪಂದ. ಹಣ ಕಟ್ಟುವಾಗ ಒಪ್ಪಿಕೊಂಡ ಷರತ್ತುಗಳಲ್ಲಿ ಹಡಗಿನ ನಿಯಮಗಳನ್ನು ಪಾಲಿಸುತ್ತೇನೆ, ತಪ್ಪಿದರೆ ಶುಲ್ಕ ತೆರುತ್ತೇನೆ, ಕ್ಯಾಪ್ಟನ್ನರು ಬೇಕೆಂದರೆ ಇಳಿಸಬಹುದು ಎಂಬುದೆಲ್ಲ ಸೇರಿರುತ್ತದೆ. ಜನ ದಂಡ ಎಂದು ಕರೆಯುವುದು ನ್ಯಾಯಾಲಯದ ದಂಡವಲ್ಲ. ಕ್ಯಾಬಿನ್ ಶುಚಿಗೊಳಿಸುವ ಶುಲ್ಕವೆಂದೋ ನಿಯಮಭಂಗದ ಶುಲ್ಕವೆಂದೋ ನಿಮ್ಮ ಹಡಗಿನ ಖಾತೆಗೆ ನೇರವಾಗಿ ಸೇರುವ ಮೊತ್ತ. ಕಾರ್ನಿವಲ್ ಪ್ರತಿ ತಪ್ಪಿಗೂ 500 ಡಾಲರ್ ಹಾಕುತ್ತದೆ, ಪ್ರಿನ್ಸೆಸ್ ಮತ್ತು ಡಿಸ್ನಿ 250 ಡಾಲರ್. ಪ್ರತಿ ತಪ್ಪಿಗೂ ಎಂಬುದನ್ನು ಗಮನಿಸಿ. ಮತ್ತೆ ಮತ್ತೆ ಸಿಕ್ಕಿಬಿದ್ದವರನ್ನು ಮುಂದಿನ ಬಂದರಿನಲ್ಲಿ ಇಳಿಸಿದರೆ ಮನೆಗೆ ಮರಳುವ ಖರ್ಚೂ ಅವರದೇ ಆಗುತ್ತದೆ.

ಸಿಕ್ಕಿಬೀಳುವುದು ಹೇಗೆ ಎಂದು ನೀವು ಕೇಳಿಲ್ಲ, ಆದರೆ ಆ ಪ್ರಶ್ನೆ ಏಜೆಂಟರ ಮಾತಿನೊಳಗೆ ಅಡಗಿದೆ. ಅಲಾರಂ ಕೂಗಿ ಸಿಕ್ಕಿಬೀಳುವವರು ಕಡಿಮೆ. ಮೇಲಿನ, ಪಕ್ಕದ ಪ್ರಯಾಣಿಕರು ಫೋನು ಮಾಡುತ್ತಾರೆ. ದಿನವೂ ಕ್ಯಾಬಿನ್ ಅಣಿಗೊಳಿಸುವ ಸ್ಟೀವರ್ಡಿಗೆ ಬೂದಿ, ವಾಸನೆ, ಲೋಟದ ತಳದ ತುಂಡು ಕಾಣಿಸುತ್ತದೆ. ರಾತ್ರಿ ಗಸ್ತಿನವರಿಗೆ ಕತ್ತಲಿನಲ್ಲಿ ಕೆಂಡದ ಚುಕ್ಕೆ ದೂರದಿಂದಲೇ ಗೊತ್ತಾಗುತ್ತದೆ. ಕೆಲವರು ಬಾಲ್ಕನಿ ಬಿಟ್ಟು ಸ್ನಾನದ ಕೋಣೆಯಲ್ಲಿ ಸೇದುತ್ತಾರೆ, ಅಲಾರಂ ಕೂಗದಿರಲೆಂದು ಹೊಗೆ ಪತ್ತೆಕದ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟುತ್ತಾರೆ. ಇದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬಾರದು. ಸೇದಿದ್ದಕ್ಕೆ ಎಚ್ಚರಿಕೆಯಲ್ಲಿ ಮುಗಿಯಬಹುದಾದ ವಿಷಯ, ಸುರಕ್ಷಾ ಉಪಕರಣವನ್ನು ಕೆಡಿಸಿದ್ದಕ್ಕೆ ಪ್ರಯಾಣವೇ ಮುಗಿಯುವಲ್ಲಿಗೆ ಹೋಗುತ್ತದೆ, ಹಾಗಾಗುವುದು ನ್ಯಾಯವೂ ಹೌದೆಂಬುದು ನನ್ನ ಅಭಿಪ್ರಾಯ.

ಇ-ಸಿಗರೇಟು ಅಥವಾ ವೇಪ್ ಇದ್ದರೆ ತೊಂದರೆಯಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಬಹುತೇಕ ಕಂಪನಿಗಳು ಅದನ್ನೂ ಸಿಗರೇಟಿನ ಸಾಲಿಗೇ ಸೇರಿಸಿವೆ. ಗೊತ್ತುಮಾಡಿದ ಜಾಗದಲ್ಲಿ ಮಾತ್ರ ಬಳಸಬೇಕು. ಬೂದಿಯಿಲ್ಲದಿದ್ದರೂ ಲಿಥಿಯಂ ಬ್ಯಾಟರಿಯಿದೆ. ಬಂದರುಗಳ ಕಾನೂನು ಇನ್ನೂ ಕಠಿಣವಾಗಿರಬಹುದು: ಸಿಂಗಪುರದಲ್ಲಿ 2018ರಿಂದ ವೇಪನ್ನು ಬಳಸುವುದಿರಲಿ, ಇಟ್ಟುಕೊಂಡಿರುವುದೇ ಅಪರಾಧ, ಸಿಗರೇಟನ್ನೂ ಅಲ್ಲಿಗೆ ಸುಂಕವಿಲ್ಲದೆ ತರುವಂತಿಲ್ಲ. ದಾರಿಯಲ್ಲಿ ಯಾವ ಬಂದರುಗಳಿವೆ ಎಂಬುದನ್ನು ನೋಡಿಕೊಂಡು ತಂದೆಯವರ ಚೀಲ ತುಂಬಿಸಿ.

ತುಂಡನ್ನು ಸಮುದ್ರಕ್ಕೆ ಎಸೆಯುವುದರ ಬಗ್ಗೆಯೂ ಒಂದು ಮಾತು. ಗಾಳಿಯ ಅಪಾಯವನ್ನು ಮೇಲೆ ಹೇಳಿದೆ. ಅದು ನೀರಿಗೇ ಬಿದ್ದಿತೆಂದುಕೊಂಡರೂ, ಸಿಗರೇಟಿನ ಫಿಲ್ಟರು ಹತ್ತಿಯಲ್ಲ. ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಮಾರ್ಪೋಲ್ ಒಪ್ಪಂದದ ಐದನೆಯ ಅನುಬಂಧವು ಯಾವುದೇ ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಹಾಕುವುದನ್ನು ಪೂರ್ತಿಯಾಗಿ ನಿಷೇಧಿಸುತ್ತದೆ. ಹೀಗಾಗಿ ಹೊರಗೆಸೆದ ತುಂಡು ಹಡಗಿನ ಶಿಸ್ತಿನ ವಿಷಯವಷ್ಟೇ ಅಲ್ಲ.

ಈಗ ತಂದೆಯವರಿಗೆ ಇರುವ ದಾರಿಗಳು. ಸಾಮಾನ್ಯವಾಗಿ ತೆರೆದ ಡೆಕ್ಕಿನ ಒಂದು ಬದಿಯಲ್ಲಿ ಸೇದಲು ಜಾಗ ಇರುತ್ತದೆ. ಕೆಲವು ಹಡಗುಗಳಲ್ಲಿ ಕ್ಯಾಸಿನೊದಲ್ಲಿ, ಸಿಗಾರಿಗೆಂದೇ ಇರುವ ಕೋಣೆಯಲ್ಲಿಯೂ ಅವಕಾಶವಿರುತ್ತದೆ. ಸಿಗಾರು ಮತ್ತು ಪೈಪಿಗೆ ನಿಯಮ ಬೇರೆ ಇರಬಹುದು. ಹಡಗಿನ ಡೆಕ್ ನಕ್ಷೆಯನ್ನು ತೆರೆದು ಈ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಇಲ್ಲಿ ನಿಮ್ಮ ಮುಂದೆ ಎಳೆದಾಟವಿದೆ: ಕ್ಯಾಬಿನ್ ಆ ಜಾಗಕ್ಕೆ ಹತ್ತಿರವಿದ್ದಷ್ಟೂ ತಂದೆಯವರಿಗೆ ಅನುಕೂಲ, ತಾಯಿಯವರಿಗೆ ಅನನುಕೂಲ. ಸೇದುವ ಜಾಗದ ನೇರ ಕೆಳಗಿನ ಅಥವಾ ಅದರ ಹಿಂಬದಿಯಲ್ಲಿ ಒಂದೆರಡು ಡೆಕ್ ಕೆಳಗಿರುವ ಬಾಲ್ಕನಿಗಳನ್ನು ಖಂಡಿತ ಬಿಡಿ, ಏಕೆಂದರೆ ಮುಂದಕ್ಕೆ ಸಾಗುವ ಹಡಗಿನಲ್ಲಿ ಹೊಗೆಯೂ ಕಿಡಿಯೂ ಬರುವುದು ಹಿಂದಕ್ಕೇ. ಸೇದುವ ಜಾಗ ಇರುವ ಬದಿಗೆ ಎದುರಿನ ಬದಿಯಲ್ಲಿ, ಲಿಫ್ಟಿಗೆ ಹತ್ತಿರವಾದ, ಹಡಗಿನ ನಡುಭಾಗದ ಕ್ಯಾಬಿನ್ ಸಿಕ್ಕರೆ ಇಬ್ಬರಿಗೂ ನ್ಯಾಯ ಸಿಕ್ಕಂತೆ. ಕ್ಯಾಸಿನೊದಲ್ಲಿ ಸೇದಲು ಬಿಡುವ ಹಡಗಾದರೆ ಅದನ್ನು ಹಾದು ಹೋಗುವ ಡೆಕ್ಕಿನ ಬದಲು ಬೇರೆ ಡೆಕ್ಕಿನಿಂದ ಓಡಾಡುವಂತೆ ತಾಯಿಯವರಿಗೆ ಮೊದಲ ದಿನವೇ ದಾರಿ ತೋರಿಸಿ. ಅವರ ಇನ್ಹೇಲರ್ ಕೈಚೀಲದಲ್ಲಿರಲಿ, ಹಡಗು ಹತ್ತುವಾಗ ಒಪ್ಪಿಸುವ ದೊಡ್ಡ ಪೆಟ್ಟಿಗೆಯಲ್ಲಿ ಬೇಡ. ಆ ಪೆಟ್ಟಿಗೆಗಳು ಕ್ಯಾಬಿನ್ನಿಗೆ ಬರುವಾಗ ಸಂಜೆಯಾಗುವುದುಂಟು.

ರಾತ್ರಿಯ ಸಿಗರೇಟೇ ನನಗೆ ಹೆಚ್ಚು ಚಿಂತೆಯ ವಿಷಯ. ನಿದ್ದೆಗಣ್ಣಿನಲ್ಲಿ ಎದ್ದವರು ಡೆಕ್ಕಿನವರೆಗೆ ನಡೆದು ಹೋಗುವ ಬದಲು ನಾಲ್ಕು ಹೆಜ್ಜೆ ಇಟ್ಟು ಬಾಲ್ಕನಿಗೆ ಹೋಗುವುದೇ ಹೆಚ್ಚು ಸಂಭವ, ಅರೆನಿದ್ದೆಯಲ್ಲಿ ಸೇದಿದವರು ತುಂಡನ್ನು ಆರಿಸುವುದೂ ಅರೆಬರೆಯಾಗಿಯೇ. ಹೋದರೂ, ವಯಸ್ಸಾದವರು ರಾತ್ರಿ ಒದ್ದೆ ಡೆಕ್ಕಿನ ಮೇಲೆ ಓಲಾಡುವ ಹಡಗಿನಲ್ಲಿ ಒಬ್ಬರೇ ನಡೆಯುವುದು ಬೇರೆಯೇ ಅಪಾಯ. ಗಾಳಿ ಜೋರಾದ ರಾತ್ರಿಗಳಲ್ಲಿ ತೆರೆದ ಡೆಕ್ಕುಗಳನ್ನು ಮುಚ್ಚಿಯೂ ಬಿಡುತ್ತಾರೆ. ನಿಕೋಟಿನ್ ಪ್ಯಾಚು ಅಥವಾ ಗಮ್ ರಾತ್ರಿಯ ಹಂಬಲವನ್ನು ತಗ್ಗಿಸಬಲ್ಲದು. ಆದರೆ ಅವರ ವಯಸ್ಸಿನಲ್ಲಿ ಹೃದಯದ ಸ್ಥಿತಿ, ಬೇರೆ ಔಷಧಗಳು ಇವನ್ನೆಲ್ಲ ನೋಡಿ ಪ್ರಮಾಣ ನಿರ್ಧರಿಸಬೇಕಾದವರು ಅವರ ವೈದ್ಯರು. ಹೊರಡುವುದಕ್ಕೆ ಕೆಲವು ವಾರ ಮೊದಲೇ ಮನೆಯಲ್ಲಿ ಪ್ರಯತ್ನಿಸಿ ನೋಡಿದರೆ ಒಗ್ಗುತ್ತದೆಯೋ ಇಲ್ಲವೋ ತಿಳಿಯುತ್ತದೆ. ಹಡಗಿನಲ್ಲಿ ಮೊದಲ ಬಾರಿಗೆ ಪ್ರಯೋಗ ಮಾಡುವುದು ಬೇಡ. ಸೇದುವುದನ್ನೇ ಬಿಡಿ ಎಂದು ಈ ನೆಪದಲ್ಲಿ ಅವರ ಬೆನ್ನು ಹತ್ತಬೇಡಿ ಎಂದೂ ಹೇಳುತ್ತೇನೆ. ಬಾಲ್ಕನಿಯಲ್ಲಿ ಏಕೆ ಕೂಡದು ಎಂಬುದನ್ನು ಬೆಂಕಿಯ ಕಾರಣದೊಂದಿಗೆ ವಿವರಿಸಿದರೆ ಹಿರಿಯರು ಒಪ್ಪುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನಿಯಮವಿದೆ, ದಂಡ ಬೀಳುತ್ತದೆ ಎಂದು ಹೆದರಿಸಿದವರ ಮನೆಯವರೇ ಕದ್ದು ಸೇದುವುದು ಹೆಚ್ಚು.

ಕೊನೆಯದಾಗಿ, ಪಕ್ಕದವರು ಸೇದಿದರೆ. ಅಡ್ಡಫಲಕದಾಚೆಯಿಂದ ತಲೆ ಹಾಕಿ ಮಾತಾಡುವುದು ನೇರವಾದ ದಾರಿಯಂತೆ ಕಂಡರೂ ನಾನು ಅದನ್ನು ಸೂಚಿಸುವುದಿಲ್ಲ. ಸೇದುತ್ತಿರುವವರಿಗೆ ನಿಯಮ ತಿಳಿಯದೇ ಇರಬಹುದು, ಕುಡಿದಿರಬಹುದು, ನಿಮ್ಮ ಮಾತನ್ನು ಅವಮಾನವೆಂದು ತಿಳಿಯಬಹುದು, ಅಲ್ಲಿಂದ ಮುಂದೆ ಉಳಿದ ರಾತ್ರಿಗಳನ್ನು ನೀವು ಅವರ ಪಕ್ಕದಲ್ಲಿಯೇ ಕಳೆಯಬೇಕು. ಕಣ್ಣಿಗೆ ಕಾಣದ ಬಾಲ್ಕನಿಯನ್ನು ಇಣುಕಿ ಫೋಟೊ ತೆಗೆಯುವುದಂತೂ ಬೇಡವೇ ಬೇಡ. ಅಷ್ಟರಮಟ್ಟಿಗೆ ಬಾಲ್ಕನಿ ಅವರ ಖಾಸಗಿ ಜಾಗವೇ. ಹೊಗೆ ಬರುತ್ತಿರುವಾಗಲೇ ಕ್ಯಾಬಿನ್ನಿನ ಫೋನಿನಿಂದ ಅತಿಥಿ ಸೇವೆಯ ಕೌಂಟರಿಗೆ ಕರೆ ಮಾಡಿ, ನಿಮ್ಮ ಕ್ಯಾಬಿನ್ ಸಂಖ್ಯೆ, ಹೊತ್ತು, ಹೊಗೆ ಯಾವ ಕಡೆಯಿಂದ ಬರುವಂತಿದೆ ಎಂಬುದನ್ನು ಹೇಳಿ. ಮರುದಿನ ಹೇಳಿದ ದೂರಿನಿಂದ ಭದ್ರತಾ ಸಿಬ್ಬಂದಿಗೆ ಉಪಯೋಗ ಕಡಿಮೆ, ಏಕೆಂದರೆ ಅವರು ಹೋಗಿ ನೋಡುವಾಗ ಏನೂ ಇರುವುದಿಲ್ಲ. ಇಂಥದ್ದೇ ಕ್ಯಾಬಿನ್ ಎಂದು ಬೊಟ್ಟುಮಾಡಲೂ ಹೋಗಬೇಡಿ; ಮೇಲೆ ವಿವರಿಸಿದ ಸುಳಿಗಾಳಿಯಿಂದಾಗಿ, ಪಕ್ಕದ್ದೆಂದು ತೋರುವ ಹೊಗೆ ಎರಡು ಬಾಲ್ಕನಿ ಮುಂದಿನಿಂದಲೋ ಕೆಳಗಿನಿಂದಲೋ ಬಂದಿರುವುದುಂಟು, ನಿರಪರಾಧಿಗಳ ಬಾಗಿಲನ್ನು ರಾತ್ರಿ ಹನ್ನೊಂದಕ್ಕೆ ತಟ್ಟಿಸಿದ ಹಾಗಾಗುತ್ತದೆ. ದೂರು ಕೊಟ್ಟವರ ಹೆಸರನ್ನು ಸಿಬ್ಬಂದಿ ಬಿಟ್ಟುಕೊಡುವುದಿಲ್ಲ. ತಾಯಿಯವರಿಗೆ ಉಬ್ಬಸವಿದೆ ಎಂಬುದನ್ನು ಮೊದಲ ಕರೆಯಲ್ಲಿಯೇ ತಿಳಿಸಿ. ತೊಂದರೆ ಮುಂದುವರಿದರೆ ಕ್ಯಾಬಿನ್ ಬದಲಿಸಿಕೊಡಿ ಎಂದು ಕೇಳಲು ಅದು ಆಧಾರವಾಗುತ್ತದೆ. ಹಡಗು ತುಂಬಿದ್ದರೆ ಬದಲಿ ಸಿಗಲಾರದು ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಅದಕ್ಕಾಗಿಯೇ ಈಗಲೇ ಮಾಡಬಹುದಾದ ಕೆಲಸವೊಂದಿದೆ. ಕಂಪನಿಗೆ ನೇರವಾಗಿ ಇಮೇಲ್ ಬರೆದು, ಬಾಲ್ಕನಿಯಲ್ಲಿ ಸೇದುವಂತಿಲ್ಲವೇ, ಸೇದುವ ಜಾಗಗಳು ಯಾವ ಡೆಕ್ಕಿನ ಯಾವ ಬದಿಯಲ್ಲಿವೆ, ರಾತ್ರಿ ಅವು ತೆರೆದಿರುತ್ತವೆಯೇ ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಏಜೆಂಟರು ಕೊಟ್ಟ ಕ್ಯಾಬಿನ್ ಸೇದುವ ಜಾಗದ ಕೆಳಗೋ ಹಿಂಬದಿಗೋ ಬಿದ್ದಿದ್ದರೆ, ಪೂರ್ತಿ ಹಣ ಕಟ್ಟುವ ಕೊನೆಯ ದಿನಕ್ಕೆ ಮೊದಲೇ ಬದಲಿಸಲು ಹೇಳಿ. ಆ ದಿನ ದಾಟಿದ ಮೇಲೆ ಬದಲಾವಣೆಗೆ ಶುಲ್ಕ ಬೀಳುತ್ತದೆ ಅಥವಾ ಖಾಲಿ ಕ್ಯಾಬಿನ್ನೇ ಉಳಿದಿರುವುದಿಲ್ಲ.